ಮನೆ ಕೊಳ್ಳುವ ಮುಂಚೆ ಪರೀಕ್ಷೆಗೆ ಎಂಥವರನ್ನು ಕರೆಯಬೇಕು: ಬಳ್ಳಾರಿ, ರಾಯಚೂರು, ಕೊಪ್ಪಳದ ನೆಲದ ಲೆಕ್ಕ

ಕಟ್ಟಿದ ಮನೆ ಕೊಳ್ಳುವಾಗ ಕಾಗದಪತ್ರ ನೋಡಲು ವಕೀಲರಿರುತ್ತಾರೆ, ಬೆಲೆ ಮಾತಾಡಲು ದಲ್ಲಾಳಿ ಇರುತ್ತಾನೆ, ದಿಕ್ಕು ನೋಡಲು ವಾಸ್ತುದವರು ಬರುತ್ತಾರೆ. ಪಾಯ, ಗೋಡೆ, ಸ್ಲ್ಯಾಬು ಮಾತ್ರ ಯಾರ ಪಾಲಿಗೂ ಬರುವುದಿಲ್ಲ. ಹೊಸ ಬಣ್ಣ ಕಂಡರೆ ಮನೆ ಗಟ್ಟಿಯಿದೆ ಎಂದುಕೊಂಡು ಸಂಚಕಾರ ಕೊಟ್ಟುಬಿಡುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇದರ ಪೆಟ್ಟು ದೊಡ್ಡದು. ಇಲ್ಲಿ ಮನೆಗೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವು ಗೋಡೆಯಲ್ಲಿ ಹುಟ್ಟುವುದಿಲ್ಲ. ಅಡಿಯ ಎರೆಮಣ್ಣಿನಲ್ಲಿ, ಬೋರಿನ ಸವುಳು ನೀರಿನಲ್ಲಿ, ಕಾಲುವೆಯ ತೇವದಲ್ಲಿ ಹುಟ್ಟುತ್ತವೆ. ಮನೆ ಇಂಥ ಕಡೆ ಇದೆ ಎಂದ ಕೂಡಲೇ ‘ನೆಲ ಎಂಥದ್ದು, ಕಟ್ಟುವಾಗ ನೀರು ಎಲ್ಲಿಂದ ತಂದರು’ ಎಂದು ಕೇಳುವವರನ್ನು ಪರೀಕ್ಷೆಗೆ ಕರೆಯಿರಿ. ಎಷ್ಟು ಚದರ ಎಂದಷ್ಟೇ ಕೇಳಿ ರೇಟು ಹೇಳುವವರನ್ನು ಬಿಡಿ.

ಯಾರು ಬೇಕು, ಯಾರು ಸಾಲದು

ನಮ್ಮ ದೇಶದಲ್ಲಿ ಮನೆ ಪರೀಕ್ಷಿಸುವ ವೃತ್ತಿಗೆಂದು ಪ್ರತ್ಯೇಕ ಸರ್ಕಾರಿ ಪರವಾನಗಿ ಇಲ್ಲ. ‘ಹೋಮ್ ಇನ್‌ಸ್ಪೆಕ್ಷನ್’ ಎಂದು ಬೋರ್ಡು ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲ. ಆದ್ದರಿಂದ ಬೋರ್ಡನ್ನು ಬಿಟ್ಟು ಓದು, ಅನುಭವ, ಹಿಂದೆ ಬರೆದ ವರದಿ ಈ ಮೂರನ್ನು ನೋಡಬೇಕು.

ನಗರಸಭೆಯಲ್ಲೋ ನಗರಾಭಿವೃದ್ಧಿ ಪ್ರಾಧಿಕಾರದಲ್ಲೋ ನೋಂದಾಯಿತ ಎಂಜಿನಿಯರ್ ಎಂದರೆ ನಕ್ಷೆಗೆ ಸಹಿ ಹಾಕುವ ಅರ್ಹತೆ ಇದೆ ಎಂದಷ್ಟೇ ಅರ್ಥ. ನಕ್ಷೆ ಬರೆಯುವುದು ಬೇರೆ, ನಿಂತ ಮನೆಯ ದೋಷ ಹುಡುಕುವುದು ಬೇರೆ. ಸಾಲ ಕೊಡುವ ಬ್ಯಾಂಕಿನ ವ್ಯಾಲ್ಯುಯರ್ ಮನೆ ನೋಡಿ ಹೋಗಿದ್ದಾರೆ, ಇನ್ನೇನು ಬೇಕು ಎಂದು ಬಹಳ ಜನ ಕೇಳುತ್ತಾರೆ. ಆ ವ್ಯಾಲ್ಯುಯರ್ ಅಳೆಯುವುದು ಬೆಲೆಯನ್ನು, ಅದೂ ಬ್ಯಾಂಕಿನ ಸಲುವಾಗಿ. ಸಾಲ ತೀರದಿದ್ದರೆ ಮನೆ ಮಾರಿ ಹಣ ವಸೂಲಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಬಚ್ಚಲಿನ ಮೇಲಿನ ಸ್ಲ್ಯಾಬಿನಲ್ಲಿ ಕಬ್ಬಿಣ ತುಕ್ಕು ಹಿಡಿದಿದೆಯೇ ಎಂಬುದು ಅವರ ಕೆಲಸದ ಪಟ್ಟಿಯಲ್ಲೇ ಇರುವುದಿಲ್ಲ. ಅನುಭವಿ ಗೌಂಡಿಯ ಕಣ್ಣು ಚುರುಕು ನಿಜ, ಗಾರೆ ಬಡಿದು ಟೊಳ್ಳು ಹೇಳಬಲ್ಲರು. ಆದರೆ ಬಿರುಕು ಕಂಡರೆ ಅವರು ಕೊಡುವ ಉತ್ತರ ಹೆಚ್ಚಾಗಿ ‘ಸಿಮೆಂಟ್ ತುಂಬಿದರೆ ಆಯಿತು’ ಎಂಬುದು. ಬಿರುಕು ಯಾಕೆ ಬಂತು ಎಂದು ತಿಳಿಯದೆ ತುಂಬಿದ ಸಿಮೆಂಟು ಮುಂದಿನ ಬೇಸಿಗೆಯವರೆಗೂ ಉಳಿಯುವುದಿಲ್ಲ.

ಬೇಕಾದವರು ಸಿವಿಲ್ ಬಿ.ಇ. ಓದಿ, ಈ ಮೂರು ಜಿಲ್ಲೆಯಲ್ಲೇ ಹತ್ತು ವರ್ಷವಾದರೂ ಮನೆ ಕಟ್ಟಿಸಿದವರು ಅಥವಾ ರಿಪೇರಿ ಮಾಡಿಸಿದವರು. ರಿಪೇರಿ ಮಾಡಿಸಿದವರಾದರೆ ಇನ್ನೂ ಒಳ್ಳೆಯದು, ಮನೆ ಎಲ್ಲಿ ಸೋಲುತ್ತದೆ ಎಂದು ಅವರು ಕೈಯಾರೆ ಒಡೆದು ನೋಡಿರುತ್ತಾರೆ. ಎರಡು ಅಂತಸ್ತಿಗೆ ಮೀರಿದ ಮನೆ, ಮೇಲೆ ಇನ್ನೊಂದು ಮಹಡಿ ಏರಿಸುವ ಆಸೆ ಅಥವಾ ಕಣ್ಣಿಗೆ ಕಾಣುವ ದೊಡ್ಡ ಬಿರುಕು, ಈ ಮೂರರಲ್ಲಿ ಯಾವುದಿದ್ದರೂ ಸ್ಟ್ರಕ್ಚರಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಿದವರೇ ಬೇಕು. ಇಂಥವರು ಬೋರ್ಡು ಹಾಕಿಕೊಂಡು ಕೂತಿರುವುದು ಅಪರೂಪ. ಬಳ್ಳಾರಿ, ರಾಯಚೂರಿನ ಎಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗಕ್ಕೆ ಹೋಗಿ ವಿಚಾರಿಸಿ. ಕೊಪ್ಪಳ ಜಿಲ್ಲೆಯವರಿಗೆ ತಳಕಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹತ್ತಿರ. ಕಾಂಕ್ರೀಟು, ಮಣ್ಣು ಪರೀಕ್ಷಿಸುವ ಲ್ಯಾಬು ಸಿವಿಲ್ ವಿಭಾಗದಲ್ಲಿ ಇದ್ದೇ ಇರುತ್ತದೆ. ಹೊರಗಿನವರಿಗೆ ಪರೀಕ್ಷೆ ಮಾಡಿಕೊಡುತ್ತಾರೆಯೇ, ಯಾವ ಪ್ರಾಧ್ಯಾಪಕರು ಸೈಟಿಗೆ ಬರುತ್ತಾರೆ ಎಂದು ಅಲ್ಲೇ ತಿಳಿಯುತ್ತದೆ.

ಊರು ಚಿಕ್ಕದಾದಷ್ಟೂ ಸಂಬಂಧಗಳು ಬಿಗಿ. ಮಾರುವವರ ಷಡ್ಡಕ, ಅದೇ ಮನೆಗೆ ನಕ್ಷೆ ಬರೆದವರು, ದಲ್ಲಾಳಿಯೇ ‘ನಮ್ಮವರೊಬ್ಬರು ಇದ್ದಾರೆ’ ಎಂದು ಕರೆತಂದವರು, ಇವರೆಲ್ಲ ಒಳ್ಳೆಯವರೇ ಇರಬಹುದು; ಆದರೂ ನಿಮ್ಮ ಪರವಾಗಿ ಬರೆಯಲು ಅವರಿಗೆ ಕಷ್ಟವಾಗುತ್ತದೆ. ರಾಯಚೂರಿನ ಮನೆಗೆ ಸಿಂಧನೂರಿನವರನ್ನು, ಗಂಗಾವತಿಯ ಮನೆಗೆ ಬಳ್ಳಾರಿಯವರನ್ನು ಕರೆದರೆ ಪ್ರಯಾಣದ ಖರ್ಚು ಒಂದಿಷ್ಟು ಹೆಚ್ಚಾಗುತ್ತದೆ, ಮುಲಾಜು ತಪ್ಪುತ್ತದೆ. ಹಾಗೆಯೇ ವಾಟರ್‌ಪ್ರೂಫಿಂಗ್ ಅಥವಾ ರಿಪೇರಿ ಗುತ್ತಿಗೆ ಹಿಡಿಯುವವರನ್ನು ಪರೀಕ್ಷೆಗೆ ಕರೆಯಬೇಡಿ. ಅವರಿಗೆ ದೋಷ ಸಿಕ್ಕಷ್ಟೂ ಕೆಲಸ ಸಿಗುತ್ತದೆ. ಅನಿವಾರ್ಯವಾದರೆ ‘ಈ ಮನೆಯ ರಿಪೇರಿ ನಾನು ಹಿಡಿಯುವುದಿಲ್ಲ’ ಎಂದು ಮುಂಚೆಯೇ ಬರೆಸಿಕೊಳ್ಳಿ.

ಅವರಿಗೆ ಗೊತ್ತಿರಲೇಬೇಕಾದ ನೆಲ

ಮೋಕಾ, ಸಿರುಗುಪ್ಪ, ಸಿಂಧನೂರು, ಮಾನ್ವಿ, ಯಲಬುರ್ಗಾ, ಕುಕನೂರು, ಈ ಕಡೆಯೆಲ್ಲ ಎರೆ ನೆಲ ಧಾರಾಳ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊಲದಲ್ಲಿ ಕೈ ಇಳಿಯುವಷ್ಟು ಅಗಲ ಬಾಯಿಬಿಡುವ ನೆಲವೇ ಮನೆಯ ಕೆಳಗೂ ಇರುವುದು.

ಮನೆಯ ನಡುವಿನ ಮಣ್ಣಿಗೆ ಬಿಸಿಲು ಮಳೆ ತಾಗದು, ಅಲ್ಲಿ ತೇವ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅಂಚಿನ ಮಣ್ಣು ಮಾತ್ರ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುತ್ತದೆ. ಬೇಸಿಗೆಯಲ್ಲಿ ಮೂಲೆ ಕುಸಿದಾಗ ಗೋಡೆ ಮೇಲ್ಭಾಗದಲ್ಲಿ ಬಿಚ್ಚಿಕೊಳ್ಳುತ್ತದೆ; ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ. ನಡುಭಾಗ ಕುಸಿದಿದ್ದರೆ ಬಿರುಕು ಕೆಳಗೆ ಅಗಲ ಇರುತ್ತದೆ. ತಿಳಿದ ಎಂಜಿನಿಯರ್ ಬಿರುಕಿನ ಎರಡು ತುದಿಯನ್ನೂ ಅಳೆದು ಬರೆದುಕೊಳ್ಳುತ್ತಾರೆ. ಬರೀ ಉದ್ದ ನೋಡಿ ‘ಹೇರ್‌ಲೈನ್, ಏನೂ ಆಗಲ್ಲ’ ಎಂದು ಮುಂದೆ ಹೋಗುವವರಿಗೆ ಎರೆ ನೆಲದ ಅನುಭವ ಇಲ್ಲ ಎಂದೇ ತಿಳಿಯಿರಿ.

ಬಿರುಕಿನ ಒಳಗೆ ಟಾರ್ಚು ಬಿಟ್ಟು ನೋಡುವುದೂ ಒಂದು ವಿದ್ಯೆ. ಒಳಗೆ ಹಳೆಯ ಬಣ್ಣ ಇಳಿದಿದ್ದರೆ, ಪುಟ್ಟಿಯ ಎರಡು ಮೂರು ಪದರ ಕಂಡರೆ, ಆ ಬಿರುಕು ಪ್ರತಿ ವರ್ಷ ತೆರೆದು ಮುಚ್ಚುತ್ತಿದೆ ಎಂದರ್ಥ. ಒಳಗೆ ಚೊಕ್ಕಟ ಗಾರೆ ಕಂಡರೆ ಇತ್ತೀಚಿನದು. ಬಾಗಿಲುಗಳ ತಳವನ್ನು ಕೈಯಾಡಿಸಿ ನೋಡಬೇಕು: ಉಜ್ಜುಗೊರಡು ಆಡಿಸಿದ ಗುರುತಿದ್ದರೆ, ಬಾಗಿಲು ಮಳೆಗಾಲದಲ್ಲಿ ನೆಲಕ್ಕೆ ಕಚ್ಚಿಕೊಂಡಿತ್ತೆಂದು ಬಡಗಿಯನ್ನು ಕರೆಸಿರುತ್ತಾರೆ. ಮರ ಉಬ್ಬಿದ್ದಕ್ಕೂ ಹೀಗೆ ಆಗುತ್ತದೆ. ಆದರೆ ಬಾಗಿಲ ಮುಂದಿನ ಟೈಲ್ಸೂ ಎದ್ದಿದ್ದರೆ ಪ್ಲಿಂತಿನ ಒಳಗೆ ಗರಸು ತುಂಬುವ ಬದಲು ಅಲ್ಲೇ ಅಗೆದ ಎರೆಮಣ್ಣನ್ನೇ ತುಂಬಿದ್ದಾರೆ ಎಂಬ ಅನುಮಾನ ಬಲವಾಗುತ್ತದೆ. ಇದು ಇಲ್ಲಿ ಬಹಳ ಸಾಮಾನ್ಯವಾದ ತಪ್ಪು. ಒಂದು ಲಾರಿ ಗರಸು ಉಳಿಸಲು ಹೋಗಿ ಇಡೀ ನೆಲಹಾಸು ಕಿತ್ತು ಹಾಕಬೇಕಾಗುತ್ತದೆ.

ಎರೆಯಲ್ಲಿ ಪಾಯ ಹೇಗೆ ಹಾಕಿದ್ದಾರೆ ಎಂಬುದೇ ಮುಖ್ಯ ಪ್ರಶ್ನೆ. ಮಣ್ಣು ಋತುಮಾನಕ್ಕೆ ಅಲುಗುವ ಪದರವನ್ನು ದಾಟಿ ಕೆಳಗೆ ಹೋಗಿರಬೇಕು, ಇಲ್ಲವೇ ಅಂಡರ್‌ರೀಮ್ಡ್ ಪೈಲ್ ಹಾಕಿರಬೇಕು. ಈ ಪೈಲನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಪಿಸಿತು: ಸುಮಾರು ಮೂರೂವರೆ ಮೀಟರು ಆಳ, ತಳದಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ. ಆ ಗಡ್ಡೆಯೇ ಮನೆಯನ್ನು ನೆಲಕ್ಕೆ ಹಿಡಿದುಕೊಳ್ಳುತ್ತದೆ. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಪೈಲ್ ಇರುವುದಿಲ್ಲ, ಸೈಜುಗಲ್ಲಿನ ಪಾಯವೋ ಕಾಲಮ್ ಫೂಟಿಂಗೋ ಇರುತ್ತದೆ. ಅದರ ಆಳ ತಿಳಿಯಲು ಒಂದೇ ದಾರಿ: ಗೋಡೆಯ ಪಕ್ಕ ಮೂರಡಿ ಚೌಕದ ಗುಂಡಿ ತೋಡಿ ನೋಡುವುದು. ಮಾರುವವರು ಒಪ್ಪಬೇಕು. ಒಪ್ಪಿದರೆ ಅದೇ ಗುಂಡಿಯಿಂದ ಒಂದು ಕಿಲೋ ಮಣ್ಣು ತೆಗೆದು ಲ್ಯಾಬಿಗೆ ಕೊಡಿ.

ಲ್ಯಾಬಿನಲ್ಲಿ ಮಾಡುವ ಪರೀಕ್ಷೆ ಸರಳ, ಕೇಳಿ ಮಾಡಿಸಬಹುದು. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು 10 ಗ್ರಾಂನಂತೆ 100 ಮಿಲಿಯ ಎರಡು ಗಾಜಿನ ಅಳತೆ ಜಾಡಿಗೆ ಹಾಕುತ್ತಾರೆ. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಟ್ಟು ನೋಡಿದರೆ ಸೀಮೆಎಣ್ಣೆಯ ಜಾಡಿಯ ಮಣ್ಣು ಇದ್ದಷ್ಟೇ ಇರುತ್ತದೆ, ನೀರಿನದು ಉಬ್ಬಿರುತ್ತದೆ. ಎಷ್ಟು ಹೆಚ್ಚು ಉಬ್ಬಿತು ಎಂಬುದನ್ನು ಶೇಕಡದಲ್ಲಿ ಹೇಳುತ್ತಾರೆ. 20ಕ್ಕಿಂತ ಕಡಿಮೆ ಇದ್ದರೆ ಭಯವಿಲ್ಲ, 35 ದಾಟಿದರೆ ಹೆಚ್ಚು, 50 ದಾಟಿದರೆ ಅತಿ ಹೆಚ್ಚು. ಈ ಹೆಸರು, ಫ್ರೀ ಸ್ವೆಲ್ ಇಂಡೆಕ್ಸ್, ಕೇಳಿ ಅಪರಿಚಿತ ಎಂಬಂತೆ ಮುಖ ಮಾಡುವ ಎಂಜಿನಿಯರನ್ನು ಎರೆ ನೆಲದ ಮನೆಗೆ ಕರೆಯಬೇಡಿ. ಮಸಾರಿ ನೆಲ, ಬಂಡೆ ನೆಲದ ಮೇಲಿನ ಮನೆಗೆ ಈ ತಲೆನೋವು ಇಲ್ಲ. ಅಲ್ಲಿ ಅರ್ಧ ಮನೆ ಬಂಡೆ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ನಿಂತಿದೆಯೇ ಎಂದಷ್ಟು ನೋಡಿದರೆ ಸಾಕು.

ಇನ್ನು ನೀರು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ಗದ್ದೆ ತುಂಬಿದ ಮೇಲೆ ನೆಲದೊಳಗಿನ ನೀರು ಏರುತ್ತದೆ. ಸಿರುಗುಪ್ಪದಲ್ಲಿ ಬಲದಂಡೆಯ ಕಾಲುವೆಯಿಂದ ಇದೇ ಕಥೆ. ಗೋಡೆಯ ತಳ ಆ ನೀರನ್ನು ಬತ್ತಿಯಂತೆ ಹೀರಿ ಎರಡು ಮೂರು ಅಡಿ ಎತ್ತರದವರೆಗೆ ತೇವ ಏರಿಸುತ್ತದೆ. ನೀರು ಆರಿದಾಗ ಉಪ್ಪು ಉಳಿಯುತ್ತದೆ, ಬಿಳಿ ಪುಡಿಯಾಗಿ ಬಣ್ಣವನ್ನು ಉದುರಿಸುತ್ತದೆ. ಮೇ ತಿಂಗಳಲ್ಲಿ ನೋಡಿದರೆ ಗೋಡೆ ಒಣಗಿ ಗಟ್ಟಿಯಾಗಿರುತ್ತದೆ, ಅದೂ ಹೊಸ ಬಣ್ಣದ ಅಡಿಯಲ್ಲಿ. ನೆಲದಿಂದ ಮೂರಡಿಯವರೆಗೆ ಮಾತ್ರ ಟೈಲ್ಸ್ ಅಥವಾ ಪ್ಲೈವುಡ್ ಹೊದಿಸಿದ ಹಾಲ್ ಕಂಡರೆ ‘ಇದನ್ನು ಯಾಕೆ ಹಾಕಿಸಿದಿರಿ’ ಎಂದು ಕೇಳಲೇಬೇಕು.

ಆದ್ದರಿಂದ ಋತು ಮುಖ್ಯ. ಬಿರುಕು ನೋಡಲು ಬೇಸಿಗೆ, ತೇವ ಮತ್ತು ಸೋರಿಕೆ ನೋಡಲು ಸೆಪ್ಟೆಂಬರ್, ಅಕ್ಟೋಬರ್ ಸೂಕ್ತ. ಎರಡು ಸಲ ನೋಡುವಷ್ಟು ಸಮಯ ಇರುವುದು ಕಡಿಮೆ. ಒಂದೇ ಸಲ ಬರುವ ಎಂಜಿನಿಯರ್ ‘ಈ ತಿಂಗಳಲ್ಲಿ ನನಗೆ ಕಾಣದ್ದು ಇದು’ ಎಂದು ವರದಿಯಲ್ಲಿ ಬರೆಯಬೇಕು. ಇದನ್ನು ಬರೆಯಲು ಒಪ್ಪುವವರು ಪ್ರಾಮಾಣಿಕರು.

ಸವುಳು ನೀರಿನ ಸ್ಲ್ಯಾಬು

ಕಾಂಕ್ರೀಟಿಗೆ ಬಳಸುವ ನೀರಿಗೂ ಮಾನಕ ಇದೆ. ಕಬ್ಬಿಣ ಹಾಕಿದ ಕಾಂಕ್ರೀಟಿಗೆ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು ಎಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುತ್ತದೆ. ಸೈಟಿನಲ್ಲೇ ಕೊರೆದ ಬೋರಿನ ಸವುಳು ನೀರನ್ನು ಪರೀಕ್ಷೆ ಇಲ್ಲದೆ ಕಲಸುವುದಕ್ಕೂ ಕ್ಯೂರಿಂಗಿಗೂ ಬಳಸಿದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅವುಗಳ ಸ್ಲ್ಯಾಬಿನೊಳಗಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಒಳಗಿನಿಂದಲೇ ಕಾಂಕ್ರೀಟನ್ನು ಒಡೆದು ಕೆಳಗೆ ಉದುರಿಸುತ್ತದೆ. ಮೊದಲು ಕಾಣುವುದು ಸಜ್ಜಾದ ಅಡಿಯಲ್ಲಿ, ಬಚ್ಚಲು ಮನೆಯ ಚಾವಣಿಯಲ್ಲಿ, ಮೇಲಿನ ನೀರಿನ ಟ್ಯಾಂಕಿನ ಕೆಳಗೆ: ಕಬ್ಬಿಣದ ಸಾಲಿಗೆ ಸರಿಯಾಗಿ ನೇರವಾದ ಬಿರುಕು, ಕಂದು ಕಲೆ.

ಇಲ್ಲಿ ಸಲಕರಣೆಯ ಮಾತು ಬರುತ್ತದೆ. ‘ನಾವು ಮಷಿನ್ ತರುತ್ತೇವೆ’ ಎಂಬ ಮಾತಿಗೆ ಮರುಳಾಗಬೇಡಿ, ಹೇಗೆ ಬಳಸುತ್ತಾರೆ ಎಂದು ಕೇಳಿ. ರಿಬೌಂಡ್ ಹ್ಯಾಮರ್ ಎಂಬುದು ಸ್ಪ್ರಿಂಗಿನ ಸುತ್ತಿಗೆ, ಒತ್ತಿದರೆ ಪುಟಿಯುತ್ತದೆ, ಪುಟಿದಷ್ಟು ಅಂಕಿ ತೋರಿಸುತ್ತದೆ. ಗಾರೆಯ ಮೇಲೆ ಬಡಿದರೆ ಅದು ಅಳೆಯುವುದು ಗಾರೆಯನ್ನು. ಅಂಗೈ ಅಗಲ ಗಾರೆ ಕೆತ್ತಿ, ಕಾಂಕ್ರೀಟಿನ ಮೈ ಕಾಣಿಸಿ, ಕಲ್ಲಿನಿಂದ ತಿಕ್ಕಿ ನಯ ಮಾಡಿ, ಒಂದು ಕಡೆ ಹಲವು ಪೆಟ್ಟು ಹೊಡೆದು ಸರಾಸರಿ ತೆಗೆಯಬೇಕು. ಅಷ್ಟು ಮಾಡಿದರೂ ಬಲದ ಅಂದಾಜು ಶೇ 25ರಷ್ಟು ಅತ್ತಿತ್ತ ಆಗಬಹುದು ಎಂದು ಭಾರತೀಯ ಮಾನಕವೇ ಎಚ್ಚರಿಸಿದೆ. ಹಳೆಯ ಕಾಂಕ್ರೀಟಿನ ಮೇಲ್ಮೈ ಗಾಳಿಗೆ ಗಡುಸಾಗಿರುವುದರಿಂದ ಅಂಕಿ ಇರುವುದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಹ್ಯಾಮರ್ ಒಂದನ್ನೇ ನಂಬಿ ‘ಎಂ 20 ಇದೆ’ ಎಂದು ಕಾಂಕ್ರೀಟಿನ ಬಲದ ದರ್ಜೆ ಬರೆದುಕೊಡುವವರ ಮಾತು ತೂಕದ್ದಲ್ಲ. ಜೊತೆಗೆ ಅಲ್ಟ್ರಾಸೋನಿಕ್ ಪಲ್ಸ್ ಪರೀಕ್ಷೆ ಬೇಕು. ಕಾಲಮಿನ ಈ ಬದಿಯಿಂದ ಆ ಬದಿಗೆ ಶಬ್ದದ ಅಲೆ ಕಳಿಸಿ ವೇಗ ಅಳೆಯುತ್ತಾರೆ. ಸೆಕೆಂಡಿಗೆ 3.5 ಕಿಲೋಮೀಟರಿಗಿಂತ ಕಡಿಮೆ ಬಂದ ಕಡೆ ಒಳಗೆ ಟೊಳ್ಳೋ ಬಿರುಕೋ ಇರುವ ಅನುಮಾನ.

ಇವೆರಡಕ್ಕಿಂತ ಅಗ್ಗದ, ಆದರೆ ಕಣ್ಣಿಗೆ ಕಟ್ಟುವ ಪರೀಕ್ಷೆ ಫಿನಾಲ್ಫ್ಥಲೀನ್ ದ್ರಾವಣದ್ದು. ಸಜ್ಜಾದ ಅಂಚನ್ನು ಸ್ವಲ್ಪ ಒಡೆದು ಹೊಸ ಮೈಗೆ ಸಿಂಪಡಿಸುತ್ತಾರೆ. ಕಾಂಕ್ರೀಟಿನಲ್ಲಿ ಕ್ಷಾರ ಉಳಿದ ಕಡೆ ಗಾಢ ಗುಲಾಬಿ ಬಣ್ಣ ಬರುತ್ತದೆ, ಅಲ್ಲಿ ಕಬ್ಬಿಣ ಸುರಕ್ಷಿತ. ಬಣ್ಣ ಬಾರದ ಪಟ್ಟಿ ಮೇಲ್ಮೈಯಿಂದ ಎಷ್ಟು ಮಿಲಿಮೀಟರು ಒಳಗೆ ಹೋಗಿದೆ ಎಂದು ಅಳೆಯಬೇಕು. ಸ್ಲ್ಯಾಬಿನ ಕಬ್ಬಿಣದ ಮೇಲಿನ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ, 20 ಮಿ.ಮೀ. ಇರಬೇಕಾದದ್ದು, ಬಣ್ಣವಿಲ್ಲದ ಪಟ್ಟಿ ಕಬ್ಬಿಣವನ್ನು ಮುಟ್ಟಿದ್ದರೆ ರಕ್ಷಣೆ ಮುಗಿದಿದೆ. ಸವುಳು ನೀರಿನ ಅನುಮಾನವಿದ್ದರೆ ಇದೊಂದೇ ಸಾಲದು. ಗುಲಾಬಿ ಬಂದರೂ ಕ್ಲೋರೈಡಿನಿಂದ ತುಕ್ಕು ಹಿಡಿಯುತ್ತದೆ. ಡ್ರಿಲ್ ಮಾಡಿದ ಕಾಂಕ್ರೀಟ್ ಪುಡಿಯನ್ನು ಕ್ಲೋರೈಡ್ ಪರೀಕ್ಷೆಗೆ ಕಳಿಸಬೇಕು. ಈ ವ್ಯತ್ಯಾಸವನ್ನು ನೀವು ಕೇಳುವ ಮುಂಚೆ ತಾವೇ ಹೇಳುವ ಎಂಜಿನಿಯರ್ ಸಿಕ್ಕರೆ ಬೇರೆಯವರನ್ನು ಹುಡುಕುವ ಅಗತ್ಯವಿಲ್ಲ.

ಫೋನಿನಲ್ಲೇ ಅರ್ಧ ತೀರ್ಮಾನ

ಮೂವರಿಗಾದರೂ ಫೋನ್ ಮಾಡಿ ಇವೇ ಪ್ರಶ್ನೆ ಕೇಳಿ. ಮೇಲಿನ ಮಹಡಿಯಲ್ಲಿ ಸ್ಲ್ಯಾಬಿನ ಅಡಿಯಲ್ಲೇ ಗೋಡೆಗುಂಟ ಅಡ್ಡ ಬಿರುಕಿದೆ, ಏನಿರಬಹುದು? ರಾಯಚೂರಿನ ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ, ಹೆಚ್ಚಾಗಿ ಅಪಾಯವಿಲ್ಲ, ಆದರೆ ಮಳೆನೀರು ಇಳಿಯುತ್ತದೆ, ನೋಡಿ ಹೇಳುತ್ತೇನೆ ಎಂದರೆ ಒಳ್ಳೆಯ ಉತ್ತರ. ನೋಡದೆಯೇ ‘ಪಾಯ ಕುಸಿದಿದೆ’ ಎಂದು ಹೆದರಿಸಿದರೂ ಕೆಟ್ಟದ್ದು, ‘ಅದೇನೂ ಅಲ್ಲ’ ಎಂದರೂ ಕೆಟ್ಟದ್ದು. ತಾರಸಿಯ ಮೇಲೆ ಕಾಲಮಿನ ಕಬ್ಬಿಣ ಬಿಟ್ಟಿದ್ದಾರೆ, ಇನ್ನೊಂದು ಮಹಡಿ ಏರಿಸಬಹುದೇ? ಚಾಚಿದ ಕಬ್ಬಿಣ ಯಾವುದಕ್ಕೂ ಸಾಕ್ಷಿಯಲ್ಲ, ಫೂಟಿಂಗ್ ಅಳೆಯದೆ ಹೇಳಲಾರೆ ಎನ್ನಬೇಕು. ಕೊನೆಗೆ, ಹಿಂದೆ ಬರೆದ ಒಂದು ವರದಿಯನ್ನು ಹೆಸರು ವಿಳಾಸ ಅಳಿಸಿ ಕಳಿಸುತ್ತೀರಾ ಎಂದು ಕೇಳಿ.

ಆ ವರದಿಯೇ ಅವರ ಜಾತಕ. ‘ಗೋಡೆಯಲ್ಲಿ ಬಿರುಕುಗಳಿವೆ, ರಿಪೇರಿ ಮಾಡಿಸುವುದು’ ಎಂಬ ಸಾಲಿನಿಂದ ನಿಮಗೆ ಏನೂ ಸಿಗುವುದಿಲ್ಲ. ‘ಈಶಾನ್ಯ ಮೂಲೆಯ ಬೆಡ್‌ರೂಮ್, ಪೂರ್ವ ಗೋಡೆ, ಕಿಟಕಿಯ ಮೇಲಿನ ಬಲ ಮೂಲೆಯಿಂದ 1.1 ಮೀಟರು ಓರೆ ಬಿರುಕು, ಮೇಲೆ 1 ಮಿ.ಮೀ., ಕೆಳಗೆ 4 ಮಿ.ಮೀ., ಹೊರಗೂ ಹಾದಿದೆ, ಹೊರಗಡೆ ಅದೇ ಮೂಲೆಗೆ ಶೌಚದ ಗುಂಡಿ ಇದೆ’ ಎಂದು ಬರೆದು ಸ್ಕೇಲು ಹಿಡಿದ ಫೋಟೋ ಹಾಕಿದ್ದರೆ ಕಾರಣವೂ ಅರ್ಧ ಗೊತ್ತಾಗುತ್ತದೆ. ಎರೆಯಲ್ಲಿ ಶೌಚದ ಇಂಗುಗುಂಡಿ ಇಂಗುವುದಿಲ್ಲ, ಸುತ್ತಲಿನ ಮಣ್ಣನ್ನು ಉಬ್ಬಿಸುತ್ತದೆ. ಗೋಡೆಗೆ ಅಂಟಿದಂತಿರುವ ಬೇವಿನ ಮರ ಇದಕ್ಕೆ ತಿರುಗಾಮುರುಗಾ, ಬೇಸಿಗೆಯಲ್ಲಿ ಇದ್ದ ತೇವವನ್ನೂ ಎಳೆದುಕೊಂಡು ಮಣ್ಣನ್ನು ಇನ್ನಷ್ಟು ಕುಗ್ಗಿಸುತ್ತದೆ.

ಶುಲ್ಕವನ್ನು ಮನೆಯ ಬೆಲೆಯ ಶೇಕಡಾವಾರು ಲೆಕ್ಕದಲ್ಲಿ ಒಪ್ಪಬೇಡಿ, ಇಡಿಗಂಟು ಮಾತಾಡಿ. ಲ್ಯಾಬಿನ ಖರ್ಚು ಬೇರೆ, ಅದರ ರಸೀದಿ ನಿಮ್ಮ ಹೆಸರಿಗೆ. ಅರ್ಧ ಮುಂಗಡ, ಉಳಿದದ್ದು ಸಹಿ ಮಾಡಿದ ವರದಿ ಕೈಗೆ ಬಂದ ಮೇಲೆ. ವಾಟ್ಸಾಪಿನಲ್ಲಿ ‘ಮನೆ ಓಕೆ ಸರ್’ ಎಂದು ಬರುವುದು ವರದಿಯಲ್ಲ.

ಸಿವಿಲ್ ಎಂಜಿನಿಯರಿಗೆ ಕರೆಂಟಿನ ಕೆಲಸ ಒಪ್ಪಿಸಬೇಡಿ. ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವ ಗುತ್ತಿಗೆದಾರರನ್ನು ಅದೇ ದಿನಕ್ಕೆ ಪ್ರತ್ಯೇಕ ಕರೆಯಿರಿ. ಮೆಗ್ಗರ್ ಹಿಡಿದು ವೈರಿನ ಇನ್ಸುಲೇಷನ್, ಅರ್ಥ್ ಟೆಸ್ಟರ್ ಹಿಡಿದು ಭೂಸಂಪರ್ಕ ನೋಡಬೇಕು. ಬಂಡೆ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ರೆಸಿಸ್ಟೆನ್ಸ್ ಏರುತ್ತದೆ, 5 ಓಮಿನ ಒಳಗಿದ್ದರೆ ನೆಮ್ಮದಿ. ಕರೆಂಟು ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯೇ, ಎಸಿ ಮತ್ತು ಗೀಸರಿಗೆ 4 ಚದರ ಮಿ.ಮೀ. ವೈರು ಎಳೆದಿದ್ದಾರೆಯೇ, ಜೆಸ್ಕಾಂ ಬಿಲ್ಲಿನಲ್ಲಿರುವ ಮಂಜೂರಾದ ಲೋಡು ಮನೆಯ ಬಳಕೆಗೆ ಸಾಲುತ್ತದೆಯೇ, ಇಷ್ಟು ಸಾಕು. ಬೋರಿದ್ದರೆ ಕುಡಿಯುವ ನೀರಿನ ಮಾದರಿಯನ್ನೂ ಲ್ಯಾಬಿಗೆ ಕೊಡಿ. ಈ ಜಿಲ್ಲೆಗಳಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ, ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ.

ಸಂಚಕಾರ ಕೊಡುವ ಮುಂಚೆ

ಎಷ್ಟೇ ಒಳ್ಳೆಯ ಎಂಜಿನಿಯರ್ ಸಿಕ್ಕರೂ ಸಂಚಕಾರ ಕೊಟ್ಟ ಮೇಲೆ ಕರೆತಂದರೆ ವರದಿ ಬರೀ ದುಃಖಕ್ಕೆ ಕಾರಣವಾಗುತ್ತದೆ. ಮೊದಲೇ ಪರೀಕ್ಷೆ ಮಾಡಿಸಿ. ಮಾರುವವರು ‘ಬೇರೆ ಗಿರಾಕಿ ಕಾಯ್ತಿದ್ದಾರೆ’ ಎಂದು ಅವಸರ ಮಾಡಿದರೆ ಸಂಚಕಾರದ ಕರಾರಿನಲ್ಲಿ ಈ ಮಾತು ಸೇರಿಸಲು ವಕೀಲರಿಗೆ ಹೇಳಿ: ‘ಖರೀದಿದಾರರು ನೇಮಿಸುವ ಎಂಜಿನಿಯರರಿಂದ 15 ದಿನದೊಳಗೆ ಮನೆಯ ಪರೀಕ್ಷೆ ನಡೆಯತಕ್ಕದ್ದು. ಪಾಯ, ಕಾಲಮ್, ಬೀಮ್ ಅಥವಾ ಸ್ಲ್ಯಾಬಿನಲ್ಲಿ ದೋಷವಿದೆ ಎಂದು ಲಿಖಿತ ವರದಿ ಬಂದಲ್ಲಿ ಖರೀದಿದಾರರು ಕರಾರಿನಿಂದ ಹಿಂದೆ ಸರಿಯಬಹುದು, ಸಂಚಕಾರದ ಪೂರ್ತಿ ಹಣವನ್ನು 7 ದಿನದೊಳಗೆ ಹಿಂದಿರುಗಿಸತಕ್ಕದ್ದು.’ ಈ ಎರಡು ವಾಕ್ಯಕ್ಕೆ ಒಪ್ಪದ ಮಾರಾಟಗಾರರ ಮನೆಯನ್ನು ಇನ್ನೊಮ್ಮೆ ಯೋಚಿಸಿ ಕೊಳ್ಳಿ.

ಬಿಲ್ಡರ್‌ನಿಂದ ಹೊಸ ಮನೆ ಕೊಳ್ಳುವವರಿಗೆ ಇನ್ನೊಂದು ಆಸರೆ ಇದೆ. 500 ಚದರ ಮೀಟರಿಗೆ ಮೀರಿದ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ನೋಂದಣಿ ಆಗಿರಬೇಕು. ಸ್ವಾಧೀನ ಕೊಟ್ಟ 5 ವರ್ಷದೊಳಗೆ ರಚನೆಯ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಬಿಡಿ ಸೈಟಿನಲ್ಲಿ ಒಂದೊಂದೇ ಮನೆ ಕಟ್ಟಿ ಮಾರುವವರ ಮೇಲೆ ಸಾಮಾನ್ಯವಾಗಿ ಈ ಹಿಡಿತ ಇರುವುದಿಲ್ಲ, ಅಲ್ಲಿ ಮುಂಚಿನ ಪರೀಕ್ಷೆಯೇ ಗತಿ. ಖಾತಾ, ಎನ್.ಎ. (ಕೃಷಿಯೇತರ) ಆದೇಶ, ಇ.ಸಿ. (ಋಣಭಾರ ಪತ್ರ) ನೋಡುವುದು ವಕೀಲರ ಕೆಲಸ. ಎಂಜಿನಿಯರಿಂದ ಬೇಕಾದದ್ದು ಮಂಜೂರಾದ ನಕ್ಷೆಗೂ ನಿಂತ ಮನೆಗೂ ಹೊಂದಾಣಿಕೆ ಇದೆಯೇ ಎಂಬ ಒಂದು ಪ್ಯಾರಾ.

ಹಳೆಯ ಮಣ್ಣಿನ ಮಾಳಿಗೆ ಮನೆ ಕೊಳ್ಳುವವರು ಇದೆಲ್ಲ ಬಿಟ್ಟು ಅಂಥ ಮನೆ ಬಲ್ಲವರನ್ನೇ ಹುಡುಕಿ. ತೊಲೆ ಗೋಡೆಯೊಳಗೆ ಹೋದ ತುದಿಯನ್ನು ಚೂಪು ಮೊಳೆಯಿಂದ ಚುಚ್ಚಿ ನೋಡಬೇಕು, ಗೆದ್ದಲು ತಿನ್ನುವುದು ಆ ತುದಿಯನ್ನೇ. ಹ್ಯಾಮರ್ ಪರೀಕ್ಷೆ ಅಲ್ಲಿ ಕೆಲಸಕ್ಕೆ ಬಾರದು.

ಪರೀಕ್ಷೆಯ ದಿನ

ಬೆಳಿಗ್ಗೆಯೇ ಇಟ್ಟುಕೊಳ್ಳಿ. 30 x 40 ಸೈಟಿನ ಎರಡು ಅಂತಸ್ತಿನ ಮನೆಗೆ ಮೂರು ಗಂಟೆಗೂ ಕಡಿಮೆಯಲ್ಲಿ ಮುಗಿಸಿದರೆ ಏನೋ ಬಿಟ್ಟಿದ್ದಾರೆ. ಏಣಿ, ಎಲ್ಲ ಕೋಣೆಯ ಬೀಗದ ಕೈ, ಸಂಪಿನ ಮುಚ್ಚಳ ತೆಗೆಯಲು ಒಬ್ಬ ಆಳು, ಕರೆಂಟು ನೀರು ಎರಡೂ ಚಾಲ್ತಿಯಲ್ಲಿರಲಿ. ಮಾರುವವರು ಒಪ್ಪಿದರೆ ಹಿಂದಿನ ದಿನವೇ ತಾರಸಿಯ ನೀರಿನ ಹೊರದಾರಿ ಕಟ್ಟಿ ಎರಡು ಇಂಚು ನೀರು ನಿಲ್ಲಿಸಿ. 24 ಗಂಟೆಯ ನಂತರ ಕೆಳಗಿನ ಚಾವಣಿ ಎಲ್ಲವನ್ನೂ ಹೇಳುತ್ತದೆ. ಗೋಡೆಗೆ ಸರಿಸಿಟ್ಟ ಕಪಾಟು, ನೇತುಹಾಕಿದ ದೊಡ್ಡ ಕ್ಯಾಲೆಂಡರು ಸರಿಸಲು ವಿನಯದಿಂದ ಕೇಳಿ. ನಾಲ್ಕು ದಿನದ ಹಿಂದೆ ಒಂದೇ ಗೋಡೆಗೆ ಬಣ್ಣ ಹೊಡೆದಿದ್ದರೆ ಎಂಜಿನಿಯರಿಗೆ ಆ ಗೋಡೆಯನ್ನೇ ಮೊದಲು ತೋರಿಸಿ.

ನೀವು ಜೊತೆಗೇ ನಡೆಯಿರಿ. ಪರೀಕ್ಷೆ ಮನೆಯ ಹೊರಗಿನಿಂದ ಶುರುವಾಗಬೇಕು: ಸುತ್ತಲಿನ ಮೂರಡಿ ಅಗಲದ ಸಿಮೆಂಟು ಪಟ್ಟಿ ಇದೆಯೇ, ಗೋಡೆಯಿಂದ ಬಿಟ್ಟಿದೆಯೇ, ಮಳೆನೀರು ಹೊರಗೆ ಹರಿಯುತ್ತದೆಯೇ ಪಾಯಕ್ಕೇ ಇಳಿಯುತ್ತದೆಯೇ, ಕಾಂಪೌಂಡು ವಾಲಿದೆಯೇ. ಪಕ್ಕದ ಮನೆಯವರ ಜೊತೆ ಎರಡು ಮಾತಾಡುವ ಎಂಜಿನಿಯರ್ ಅನುಭವಿ. ಅದೇ ನೆಲ, ಅದೇ ವಯಸ್ಸಿನ ಅವರ ಗೋಡೆಯಲ್ಲೂ ಬಿರುಕಿದ್ದರೆ ಕಾರಣ ಮಣ್ಣು. ಇಲ್ಲಿ ಮಾತ್ರ ಇದ್ದರೆ ಈ ಮನೆಯ ಕಟ್ಟಡದ್ದು.

ವರದಿ ಬಂದ ಮೇಲೆ ದೋಷಗಳನ್ನು ಮೂರು ಗುಂಪಾಗಿ ಹೇಳಲು ಕೇಳಿ: ಈಗಲೇ ಅಪಾಯ, ಒಂದೆರಡು ವರ್ಷದಲ್ಲಿ ಖರ್ಚು, ಹಾಗೇ ಇದ್ದರೂ ನಡೆಯುವುದು. ಎರಡನೆಯ ಗುಂಪಿಗೆ ರಿಪೇರಿಯ ಅಂದಾಜು ಮೊತ್ತ ಇರಬೇಕು, ಬೆಲೆ ಇಳಿಸಲು ಮಾರುವವರ ಮುಂದೆ ಇಡುವುದು ಅದನ್ನೇ. ಸೋರುವ ತಾರಸಿ, ಹಳೆಯ ವೈರಿಂಗು, ಉದುರಿದ ಸಜ್ಜಾ ಇವಕ್ಕೆಲ್ಲ ಬೆಲೆ ಕಟ್ಟಬಹುದು. ಎರೆಯಲ್ಲಿ ಆಳವಿಲ್ಲದ ಪಾಯ, ಕಾಲಮಿನ ಒಳಗೆ ಹಿಡಿದ ಕ್ಲೋರೈಡು, ಇವೆರಡಕ್ಕೆ ಎಷ್ಟು ಬೆಲೆ ಇಳಿಸಿದರೂ ಲೆಕ್ಕ ಕೂಡುವುದಿಲ್ಲ; ಅಂಥ ಮನೆ ಬಿಟ್ಟುಬಿಡಿ.

ಕೊಂಡಿರೆಂದರೆ, ವರದಿಯಲ್ಲಿ ಉಳಿದ ಪ್ರತಿ ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಒಂದೊಂದು ಚುಕ್ಕೆ ಇಟ್ಟು, ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆದು, ಪಕ್ಕದಲ್ಲೇ ತಾರೀಖು ಬರೆಯಿರಿ. ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಮತ್ತೆ ಅಳೆಯಿರಿ. ಬೇಸಿಗೆಯಿಂದ ಬೇಸಿಗೆಗೆ ಒಂದು ಮಿಲಿಮೀಟರು ಹೆಚ್ಚಿದ್ದು ಕಂಡರೆ ಫೋಟೋ ತೆಗೆದು ಅದೇ ಎಂಜಿನಿಯರಿಗೆ ಕಳಿಸಿ. ಬಣ್ಣ ಹೊಡೆಸುವುದನ್ನು ಅಲ್ಲಿಯವರೆಗೆ ತಡೆಯಿರಿ.